ಬಿಣಗಾದ ಏರಿನಲ್ಲಿ ನಿಂತ ಗಾಡಿ

ಬೊಬ್ರುವಾಡ, ಅಂಕೋಲಾ
೧೫ ನವೆಂಬರ್ ೨೦೨೫, ಶನಿವಾರ

ಪ್ರೀತಿಯ ರಂಜಕ್ಕಾ,

ಹೇಗಿದ್ದೀಯೆ? ಸ್ವಾತಿ ಹೇಗಿದ್ದಾಳೆ? ಮಡಗಾಂವದ ನೀರು ಒಗ್ಗದೆ ಅವಳ ಕೈಮೇಲೆಲ್ಲ ಗುಳ್ಳೆ ಎದ್ದಿತ್ತೆಂದು ಪಕ್ಕದ ಮನೆಯ ಹೊನ್ನಣ್ಣನ ಹೆಂಡತಿ ಹೇಳಿದ್ದಳು, ಈಗ ಮಾಯಿತೇ? ನಿನ್ನ ಸೊಂಟನೋವು ಹೇಗಿದೆ? ನರ್ಸಿಂಗ್ ಹೋಮಿನಲ್ಲಿ ದಿನವಿಡೀ ನಿಂತೇ ಇರುವವಳು ನೀನು, ಊರಿನಿಂದ ತೈಲ ಕಳಿಸಲೇ ಎಂದು ಅವ್ವಿ ಎರಡು ಸಲ ಕೇಳಿದಳು. ಅವಳಿಗೆ ಸಕ್ಕರೆ ಸ್ವಲ್ಪ ಏರಿತ್ತು, ಗುಳಿಗೆ ಬದಲಿಸಿದ ಮೇಲೆ ಇಳಿದಿದೆ. ಆದರೂ ಮಧ್ಯಾಹ್ನ ಎರಡನೇ ಸಲ ಅನ್ನ ಬಡಿಸಿಕೊಳ್ಳುವುದನ್ನು ಬಿಟ್ಟಿಲ್ಲ. ನಾನು ನೋಡಿದರೆ ಬಟ್ಟಲನ್ನು ಸೆರಗಿನ ಹಿಂದೆ ಸರಿಸುತ್ತಾಳೆ, ಚಿಕ್ಕ ಮಕ್ಕಳ ಹಾಗೆ. ಈ ಸಲ ಬದನೆ ಹಾಕಲಿಲ್ಲ. ಅಪ್ಪ ನೀರು ಬಿಡುತ್ತಿದ್ದ ಆ ಸಾಲುಗಳಲ್ಲಿ ಯಾರೂ ಏನೂ ಹಾಕಲಿಲ್ಲ, ಹಾಗೇ ಹುಲ್ಲು ಬೆಳೆದಿದೆ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಭಾನುವಾರ ಬೆಳಿಗ್ಗೆ ನೀನು ಫೋನ್ ಮಾಡುತ್ತೀಯೆ, ಅವ್ವಿಯ ಗುಳಿಗೆ ಕೇಳುತ್ತೀಯೆ, ಕೊನೆಗೆ ಒಂದು ಮಾತು ಯಾವಾಗಲೂ ಹೇಳುತ್ತೀಯೆ: "ನೀ ಒಬ್ಬ ಇದ್ದಿ ಅಂತ ನಂಗೆ ಧೈರ್ಯ ತಮಾ." ಹನ್ನೊಂದು ತಿಂಗಳಿಂದ ಆ ಮಾತು ಕೇಳಿ ನಾನು ಫೋನ್ ಇಡುತ್ತಿದ್ದೇನೆ. ಈಗ ಹೇಳಬೇಕಾಗಿರುವುದನ್ನು ಬಾಯಲ್ಲಿ ಹೇಳಹೊರಟರೆ ಅರ್ಧಕ್ಕೆ ನಿಲ್ಲಿಸುತ್ತೇನೆ ಎಂದು ನನಗಿಂತ ಮೊದಲು ಅವ್ವಿಗೆ ಗೊತ್ತಾಯಿತು. "ಕಾಗದ ಬರಿ. ಫೋನಾದ್ರೆ ನೀ ಅರ್ಧ ಹೇಳಿ ಇಡ್ತೆ" ಎಂದಳು. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ಇಷ್ಟು ಉದ್ದ ಬರೆದವನಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದು. ಆದರೆ ಕೊನೆಯವರೆಗೆ ಓದು ಅಕ್ಕಾ, ನಡುವೆ ಹರಿಯಬೇಡ.

ಕಳೆದ ತಿಂಗಳು, ಅಕ್ಟೋಬರ್ ಎಂಟಕ್ಕೆ, ನಮ್ಮೂರ ಸಂಘದ ಆಂಬುಲೆನ್ಸ್ ಮತ್ತೆ ನಿಂತಿತು, ಅಪ್ಪನನ್ನು ಒಯ್ಯುವಾಗ ನಿಂತಿತ್ತಲ್ಲ, ಅದೇ ಏರಿನಲ್ಲಿ. ದೇವಿದಾಸ ಭಾವನನ್ನು ಚಾಲಕನ ಕೆಲಸದಿಂದ ತೆಗೆದ ಮೇಲೆ ಸುನಿಲ ಅದನ್ನು ಓಡಿಸುತ್ತಿದ್ದನಲ್ಲ, ಅವನ ಕೈಯಲ್ಲಿ. ಬೆಳಂಬಾರದ ಒಬ್ಬ ಬಸುರಿಯನ್ನು ಕಾರವಾರಕ್ಕೆ ಒಯ್ಯುತ್ತಿದ್ದ. ಅರ್ಗಾ ದಾಟಿ ಬಿಣಗಾದ ಏರು ಹತ್ತುವಾಗ ಮೀಟರಿನ ಮುಳ್ಳುಗಳೆಲ್ಲ ಒಮ್ಮೆಲೇ ಕೆಳಗೆ ಬಿದ್ದವಂತೆ, ಇದ್ದ ದೀಪಗಳೆಲ್ಲ ಹೊತ್ತಿಕೊಂಡವಂತೆ, ಎಂಜಿನ್ ಸತ್ತುಹೋಯಿತಂತೆ. ಚಾವಿ ತಿರುಗಿಸಿದರೆ ಉಸಿರಿಲ್ಲ. ಪುಣ್ಯಕ್ಕೆ ಹಿಂದೆಯೇ ಒಂದು ಖಾಲಿ ರಿಕ್ಷಾ ಬಂತು. ತಾಯಿ, ಮಗು ಇಬ್ಬರೂ ಕ್ಷೇಮ, ಗಂಡು ಮಗು. ಸುನಿಲ ಗಾಡಿಯನ್ನು ಕಟ್ಟಿ ಎಳೆಸಿಕೊಂಡು ನೇರ ನನ್ನ ರಿಪೇರಿ ಅಂಗಡಿಗೆ ತಂದ. ಇಳಿದವನೇ, "ನಿತೇಶಣ್ಣಾ, ಗಾಡಿ ತಾನೇ ನಿಂತೋಯ್ತು ಅಂತ ದೇವಿದಾಸಣ್ಣ ಹೇಳಿದ್ದು ಖರೇನೇ ಆಗಿತ್ತೋ. ನಾವೆಲ್ಲ ಅವನ್ನ ಸುಳ್ಳ ಅಂದ್ವಿ" ಎಂದು ತಲೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತುಬಿಟ್ಟ. ಖರೆ ಎಂದು ನನಗೆ ಮೊದಲಿನಿಂದ ಗೊತ್ತಿತ್ತು. ಯಾಕೆ ಗೊತ್ತಿತ್ತು ಎಂಬುದನ್ನು ಮುಂದೆ ಬರೆಯುತ್ತೇನೆ.

ನನ್ನ ಕೆಲಸದ ವಿಷಯ ಸ್ವಲ್ಪ ಹೇಳದಿದ್ದರೆ ನಿನಗೆ ತಿಳಿಯುವುದಿಲ್ಲ. ಈಗಿನ ಗಾಡಿಗಳಲ್ಲಿ ಎಂಜಿನ್ನಿಗೊಂದು, ಬ್ರೇಕಿಗೊಂದು, ಮೀಟರಿಗೊಂದು ಹೀಗೆ ಸಣ್ಣ ಸಣ್ಣ ಕಂಪ್ಯೂಟರುಗಳಿರುತ್ತವೆ. ಅವೆಲ್ಲ ಒಂದಕ್ಕೊಂದು ಸುದ್ದಿ ಕಳಿಸುವುದು ಹೆಣೆದುಕೊಂಡ ಎರಡು ತೆಳು ತಂತಿಗಳ ಮೇಲೆ. ಆ ತಂತಿಗೆ ಏನಾದರೂ ಆದರೆ ಯಾವುದಕ್ಕೂ ಯಾವುದರ ಸುದ್ದಿಯೂ ಸಿಗದೆ ಗಾಡಿ ನಿಲ್ಲುತ್ತದೆ. ನಿಂತ ಮೇಲೆ ಸ್ಕ್ಯಾನರ್ ಚುಚ್ಚಿದರೆ ಯಾರಿಗೆ ಯಾರ ಸುದ್ದಿ ತಪ್ಪಿತು ಎಂದು ಕೋಡುಗಳು ಬರುತ್ತವೆ. ನಾವು ಅವನ್ನು ಓದಬೇಕು, ದೋಷ ಹುಡುಕಬೇಕು, ಸರಿಮಾಡಿದ ಮೇಲೆ ಕೋಡ್ ಅಳಿಸಬೇಕು. ಹುಡುಕದೆ ಅಳಿಸಿದರೂ ಗಾಡಿ ಓಡುತ್ತದೆ, ಮುಂದಿನ ಸಲ ನಿಲ್ಲುವವರೆಗೆ. ಸುನಿಲ ತಂದ ದಿನ ಸ್ಕ್ಯಾನರ್ ಹಾಕಿದೆ. ಏಳು ಕೋಡುಗಳಿದ್ದವು. ಏಳಕ್ಕೆ ಏಳೂ ಸಂಪರ್ಕ ತಪ್ಪಿದ ಕೋಡುಗಳು.

ಮೂರು ದಿನ ಹುಡುಕಿದೆ. ಆ ಎರಡು ತಂತಿಗಳ ನಡುವೆ ಅರವತ್ತು ಓಮ್ ಪ್ರತಿರೋಧ ತೋರಿಸಿದರೆ ಎಲ್ಲ ಸರಿ ಇದೆ ಎಂದರ್ಥ. ತಂತಿ ಅಳೆಯುವ ನನ್ನ ಕೈಮೀಟರು ಅರವತ್ತೇ ತೋರಿಸಿತು, ಯಾವ ಹೊತ್ತಿಗೆ ನೋಡಿದರೂ ಅರವತ್ತು. ನಮ್ಮ ಕಡಲ ಗಾಳಿಗೆ ಜೋಡಣೆಗಳಲ್ಲಿ ಹಸಿರು ಕಿಲುಬು ಹಿಡಿಯುತ್ತದೆ, ಎಲ್ಲ ಬಿಚ್ಚಿ ಉಜ್ಜಿದೆ. ಸೀಟುಗಳನ್ನು ಕಳಚಿದೆ. ತಂತಿಯ ಕಟ್ಟನ್ನು ಉದ್ದಕ್ಕೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಸುನಿಲನನ್ನು ಕೂರಿಸಿಕೊಂಡು ಅವರ್ಸಾದವರೆಗೆ ಎರಡು ಸಲ ಹೋಗಿಬಂದೆ. ಏನೂ ಆಗಲಿಲ್ಲ. ನಿಂತಾಗ ಹೇಗಿತ್ತು, ಯಾವ ಗೇರಿನಲ್ಲಿದ್ದೆ, ಎಸಿ ಹಾಕಿತ್ತೇ ಎಂದು ಕೇಳಿದರೆ ಸುನಿಲನಿಗೆ ನೆನಪಿಲ್ಲ, ಹಿಂದೆ ಆ ಹೆಣ್ಣು ಕೂಗುತ್ತಿದ್ದಳು, ಅವನಿಗೆ ಅದೊಂದೇ ನೆನಪು. ಹಾಗೆ ಕೇಳಿದರೆ ಹೇಳಬಲ್ಲವರು ಒಬ್ಬರೇ ಇದ್ದರು.

ಭಾವ ಈಗ ಕಾರವಾರದ ಬೈತಖೋಲ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುತ್ತಾರೆ. ನಿನಗೆ ಅದು ಗೊತ್ತೋ ಇಲ್ಲವೋ. ಸಂಘದವರು ತೆಗೆದ ಮೇಲೆ ಯಾರೂ ಅವರ ಕೈಗೆ ಗಾಡಿ ಕೊಡಲಿಲ್ಲ. ಕೈಗಾ ಅಣುಸ್ಥಾವರದ ಬಸ್ಸಿಗೆ ಚಾಲಕ ಬೇಕೆಂದು ಕೇಳಿ ಹೋಗಿದ್ದರು, ಅಲ್ಲಿಯೂ ಅವರಿಗಿಂತ ಮೊದಲು ಊರಿನ ಮಾತು ಮುಟ್ಟಿತ್ತು. ನಾನು ಬಂದರಿಗೆ ಹೋದಾಗ ಬೆಳಗಿನ ದೋಣಿಗಳು ಖಾಲಿಯಾಗುತ್ತಿದ್ದವು. ಭಾವ ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಬುಟ್ಟಿ ಹೊತ್ತು ಬಂದರು, ನನ್ನನ್ನು ನೋಡಿ ಇಳಿಸಿದರು. ಬಹಳ ಬಡವಾಗಿದ್ದಾರೆ ಅಕ್ಕಾ. ಗಡ್ಡದಲ್ಲಿ ಅರ್ಧ ಬಿಳಿ. ಮೊದಲು ಕೇಳಿದ್ದು ಸ್ವಾತಿಯ ಸುದ್ದಿ, ಆಮೇಲೆ ಅವ್ವಿಯ ಸಕ್ಕರೆ. ಗಾಡಿ ಮತ್ತೆ ನಿಂತಿದೆ ಎಂದೆ. ಬಸುರಿಗೆ ಏನಾಯಿತು ಎಂದರು. ಏನೂ ಆಗಲಿಲ್ಲ ಎಂದ ಮೇಲೆ ಅಲ್ಲೇ ಕಲ್ಲಿನ ಮೇಲೆ ಕುಳಿತರು. ನೀವೊಂದು ಸಲ ಓಡಿಸಬೇಕು ಭಾವಾ, ನಾನು ಪಕ್ಕದಲ್ಲಿ ಕೂತು ನೋಡಬೇಕು ಎಂದೆ. "ಆಗೂದಿಲ್ಲ ಮಾರಾಯಾ. ಬೇರೆ ಏನ್ ಬೇಕಾದ್ರೂ ಹೇಳು" ಎಂದು ಎದ್ದು ಬುಟ್ಟಿಗೆ ಕೈ ಹಾಕಿದರು. ನಾನು ಹಿಂದೆ ಬಿದ್ದೆ. ಇನ್ನೊಬ್ಬರ ಅಪ್ಪ ಆ ಏರಿನಲ್ಲಿ ಸಾಯುವುದು ಬೇಡ ಎಂದೆ. ಆ ಮಾತಿಗೆ ಅವರು ನಿಂತರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಮೊದಲ ಬಸ್ಸಿಗೆ ಬಂದರು. ನಮ್ಮ ಮನೆಗೆ ಬಾರದೆ ನೇರ ಅಂಗಡಿಗೆ ಬಂದರು. ಎದೆನೋವೆಂದು ಅಪ್ಪನನ್ನು ಒಯ್ದ ದಿನ ಹೇಗಿತ್ತೋ ಎಲ್ಲ ಹಾಗೆಯೇ ಇರಬೇಕೆಂದು ನಾನು ಹೇಳಿದ್ದರಿಂದ ಒಂದೊಂದಾಗಿ ನೆನೆಸಿ ಹೇಳಿದರು. ಆಮ್ಲಜನಕದ ಸಿಲಿಂಡರ್ ತುಂಬಿತ್ತು. ಹಿಂದೆ ಅಪ್ಪ ಮಲಗಿದ್ದ, ನೀನು ಅಪ್ಪನ ಎದೆಯ ಹತ್ತಿರ, ಹೊನ್ನಣ್ಣ ಕಾಲಿನ ಹತ್ತಿರ. ಎಸಿ ಪೂರ್ತಿ ಹಾಕಿತ್ತು, ಅಪ್ಪ ಬೆವರುತ್ತಿದ್ದಾನೆ ಎಂದು ನೀನೇ ಗಾಜು ಬಡಿದು ಹೇಳಿದ್ದೆಯಂತೆ. ಎಂಟೂ ಇಪ್ಪತ್ತಕ್ಕೆ ಬೊಬ್ರುವಾಡ ಬಿಟ್ಟದ್ದು. ಅಪ್ಪನಿಗೆ ಕುಲುಕು ತಾಗಬಾರದೆಂದು ಏರಿನ ಬುಡದಲ್ಲಿ ನಿಧಾನ ಮಾಡಿ ಎರಡನೇ ಗೇರಿಗೆ ಇಳಿಸಿದ್ದು. ಹೊನ್ನಣ್ಣನನ್ನೂ ಸುನಿಲನನ್ನೂ ಹಿಂದೆ ಕೂರಿಸಿದೆವು, ಮಲಗುವ ಜಾಗದಲ್ಲಿ ಎರಡು ಅಕ್ಕಿ ಚೀಲ ಇಟ್ಟೆವು. ಭಾವ ಚಾಲಕನ ಸೀಟಿಗೆ ಹತ್ತಿ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ನಾನು ರಸ್ತೆಯ ಕಡೆ ನೋಡುತ್ತಿದ್ದೆ. ಆಮೇಲೆ ಚಾವಿ ತಿರುಗಿಸಿದರು.

ಹಾರವಾಡ, ಹಟ್ಟಿಕೇರಿ, ಅಮದಳ್ಳಿ, ಚೆಂಡಿಯಾ ಎಲ್ಲ ದಾಟಿತು. ನನ್ನ ತೊಡೆಯ ಮೇಲೆ ಸ್ಕ್ಯಾನರ್ ಇತ್ತು, ಎಲ್ಲ ಸರಿಯಾಗಿ ಓಡುತ್ತಿತ್ತು. ಅರ್ಗಾ ದಾಟುವಾಗ ಭಾವನ ಅಂಗಿಯ ಬೆನ್ನು ಒದ್ದೆಯಾಗಿತ್ತು, ಎಸಿ ಹಾಕಿದ್ದರೂ. ಏರು ಸುರುವಾಯಿತು. ಎರಡನೇ ಗೇರಿಗೆ ಇಳಿಸಿದರು, ಎಂಜಿನ್ ಜಗ್ಗಿ ಎಳೆಯಿತು, ಅರ್ಧ ಏರಿದ್ದೆವೋ ಇಲ್ಲವೋ, ಮುಳ್ಳುಗಳೆಲ್ಲ ದಪ್ಪೆಂದು ಕೆಳಗೆ ಬಿದ್ದವು. ದೀಪಗಳೆಲ್ಲ ಕೆಂಪು, ಹಳದಿ. ಎಂಜಿನ್ ನಿಂತುಹೋಯಿತು. ಭಾವ ಗಾಡಿಯನ್ನು ಬದಿಗೆ ಒರಗಿಸಿ ಕೈಬ್ರೇಕ್ ಎಳೆದರು. ಚಾವಿ ತಿರುಗಿಸಿದರು, ತಿರುಗಿಸಿದರು. ಆಮೇಲೆ ಹಿಂದೆ ತಿರುಗಿ ಗಾಜಿನಲ್ಲಿ ನೋಡಿದರು. ಅಲ್ಲಿ ಹೊನ್ನಣ್ಣ, ಸುನಿಲ, ಅಕ್ಕಿ ಚೀಲ. "ನೋಡು, ಇದೇ! ಹಿಂಗೇ ಆದದ್ದು! ನಾ ಎಂತ ಮಾಡೂಕೆ ಬರ್ತಿತ್ತು? ಹೇಳು ತಮಾ, ನಾ ಎಂತ ಮಾಡೂಕೆ ಬರ್ತಿತ್ತು?" ಎಂದು ಸ್ಟಿಯರಿಂಗ್ ಹೊಡೆಯುತ್ತ ಅಳತೊಡಗಿದರು. ಭಾವ ಅಳುವುದನ್ನು ನಾನು ಎಂದೂ ನೋಡಿದ್ದಿಲ್ಲ, ಅಪ್ಪನ ಚಿತೆಯ ಹತ್ತಿರವೂ ಅವರು ಅತ್ತಿರಲಿಲ್ಲ. ಅದೂ ಅವರ ಮೇಲಿನ ಇನ್ನೊಂದು ದೂರಾಗಿತ್ತು, ನಿನಗೆ ನೆನಪಿರಬೇಕು.

ನಾನು ಬ್ಯಾಟರಿ ಬಿಚ್ಚಿ, ಮೀಟರು ಹಚ್ಚಿ ನೋಡಿದೆ. ಅರವತ್ತು ಇರಬೇಕಾದಲ್ಲಿ ಸೊನ್ನೆ. ಎರಡು ತಂತಿ ಎಲ್ಲೋ ಒಂದಕ್ಕೊಂದು ತಾಗಿ ಕೂತಿವೆ. ಸುನಿಲನ ಕೈಗೆ ಮೀಟರು ಕೊಟ್ಟು, ಬದಲಾದ ಕೂಡಲೇ ಕೂಗು ಎಂದು ಹೇಳಿ ಗಾಡಿಯ ಕೆಳಗೆ ಸೇರಿದೆ. ಎಂಜಿನ್ ಕೂರುವ ರಬ್ಬರಿನ ಬುಡವೊಂದು ಹರಿದಿತ್ತು. ಭಾರ ಹೊತ್ತು ಏರು ಎಳೆಯುವಾಗ ಎಂಜಿನ್ ಒಂದು ಬದಿಗೆ ವಾಲುತ್ತದೆ, ವಾಲಿದಾಗ ತಂತಿಯ ಕಟ್ಟು ಕಬ್ಬಿಣದ ಹಿಡಿಕೆಯ ಅಂಚಿಗೆ ಜಗ್ಗುತ್ತದೆ. ಹಾಗೆ ಜಗ್ಗಿ ಜಗ್ಗಿ ಮೇಲಿನ ಸಿಪ್ಪೆ ಸವೆದು, ಒಳಗಿನ ತಾಮ್ರ ಹೊರಗೆ ಬಂದು, ಒಂದರ ಎಳೆ ಇನ್ನೊಂದಕ್ಕೆ ಸಿಕ್ಕಿಕೊಂಡಿತ್ತು. ಭತ್ತದ ಕಾಳಿನಷ್ಟು ಜಾಗ. ಬೆರಳಿನಿಂದ ಬಿಡಿಸಿದೆ. ಮೇಲಿನಿಂದ ಸುನಿಲ "ಅರವತ್ತು!" ಎಂದು ಕೂಗಿದ. ಸಪಾಟು ರಸ್ತೆಯಲ್ಲಿ, ಅಂಗಡಿಯಲ್ಲಿ ಯಾಕೆ ಸಿಗಲಿಲ್ಲ ಎಂದು ಆಗ ತಿಳಿಯಿತು. ಕಟ್ಟಿ ಎಳೆದು ತರುವಾಗ ಕುಲುಕಿಗೆ ಅದು ತಾನೇ ಬಿಟ್ಟುಕೊಳ್ಳುತ್ತಿತ್ತು. ನಾನು ಕೆಳಗೆ ಮಲಗಿಯೇ ಇದ್ದೆ, ಏಳಲು ಮನಸ್ಸಾಗಲಿಲ್ಲ. ಆ ಜಾಗದಿಂದ ಆಸ್ಪತ್ರೆ ಐದಾರು ಕಿಲೋಮೀಟರ್. ಆ ದಿನ ಭಾವ ರಸ್ತೆಯ ನಡುವೆ ಕೈ ಅಗಲಿಸಿ ನಿಂತು ಐಸ್ ತುಂಬಿದ ಮೀನಿನ ಪಿಕಪ್ ನಿಲ್ಲಿಸುವವರೆಗೆ ಹದಿನೆಂಟು ನಿಮಿಷ ಹೋಗಿತ್ತು. ಆ ಐಸಿನ ಮೇಲೆ ಅಪ್ಪನನ್ನು ಮಲಗಿಸಿ ನೀನು ಎದೆ ಒತ್ತುತ್ತ ಹೋದೆ. ನೀನು ನರ್ಸು, ಆ ಹದಿನೆಂಟು ನಿಮಿಷ ಸಿಕ್ಕಿದ್ದರೆ ಅಪ್ಪ ಉಳಿಯುತ್ತಿದ್ದನೋ ಇಲ್ಲವೋ ನಿನಗೆ ಗೊತ್ತಿರಬಹುದು. ನನಗೆ ತಿಳಿಸು ಎಂದು ಕೇಳುವ ಧೈರ್ಯ ನನಗಿಲ್ಲ.

ಇನ್ನು ನಾನು ಮಾಡಿದ್ದು. ಹೋದ ವರ್ಷ ನವೆಂಬರಿನಲ್ಲಿ ಭಾವ ಗಾಡಿಯನ್ನು ನನ್ನಲ್ಲಿಗೆ ತಂದಿದ್ದರು. "ಏರಲ್ಲಿ ಮೀಟರ ಒಂದ್ ಸಲ ಸತ್ತು ಮತ್ತೆ ಬಂತು, ನೋಡು" ಎಂದಿದ್ದರು. ಸ್ಕ್ಯಾನರ್ ಹಾಕಿದಾಗ ಸಂಪರ್ಕದ ಕೋಡುಗಳಿದ್ದವು. ಬ್ಯಾಟರಿ ಸೋತಾಗಲೂ ಹಾಗೆ ಬರುತ್ತದೆ, ಇದೂ ಅದೇ ಎಂದು ಬ್ಯಾಟರಿಯ ತುದಿ ಉಜ್ಜಿ ಕೋಡ್ ಅಳಿಸಿದೆ. ಅಪ್ಪ ಹೋಗುವ ನಾಲ್ಕು ದಿನ ಮೊದಲು ಮತ್ತೆ ತಂದರು. ಆ ದಿನ ಅಯ್ಯಪ್ಪನ ಮಾಲೆ ಹಾಕಿದವರ ಟೆಂಪೋಕ್ಕೆ ದೀಪದ ಸರ ಕಟ್ಟುತ್ತಿದ್ದೆ, ಅವರು ಸಂಜೆ ಹೊರಡುವವರಿದ್ದರು. ಎಂಜಿನ್ನಿನ ಮುಚ್ಚಳವನ್ನೂ ಎತ್ತಲಿಲ್ಲ. ಸೀಟಿನಲ್ಲಿ ಕೂತಲ್ಲೇ ಕೋಡ್ ಅಳಿಸಿ, "ಬ್ಯಾಟರಿ ಹಳೇದಾಗದೆ ಭಾವಾ, ಸಂಘದವ್ರಿಗೆ ಹೊಸದು ಹಾಕೂಕೆ ಹೇಳಿ" ಎಂದು ಕಳಿಸಿದೆ. ನಾನು ಸರಿ ಎಂದ ಗಾಡಿಯಲ್ಲೇ ಭಾವ ಅಪ್ಪನನ್ನು ಹತ್ತಿಸಿದ್ದು.

ಬಿಣಗಾದ ಆ ಏರಿನಲ್ಲೇ ರಸ್ತೆಯ ಬದಿಗೆ ಕೂತು ಭಾವನನ್ನು ಕೇಳಿದೆ. ಎರಡು ಸಲ ನನಗೆ ಗಾಡಿ ತೋರಿಸಿದ್ದನ್ನು ಸಂಘದವರ ಮುಂದೆ ಯಾಕೆ ಹೇಳಲಿಲ್ಲ? ಅಕ್ಕನ ಮುಂದೆಯಾದರೂ ಯಾಕೆ ಹೇಳಲಿಲ್ಲ? ಅವರು ಮುಖ ಒರೆಸಿಕೊಂಡು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನಿಮ್ಮ ಅವ್ವಿ ಗಂಡನ್ನ ಕಳಕಂಡು ಕೂತಿದ್ರು. ಮಗನೇ ಕಾರಣ ಅಂತ ಹೇಳಿದ್ರೆ ಅವ್ರು ಯಾರ ಮನೇಲಿ ಇರ್ಬೇಕಾಗಿತ್ತು? ರಂಜನಾನ ಸಿಟ್ಟು ನನ್ನ ಮೇಲೆ ಇದ್ರೆ ಒಂದ್ ದಿನ ಇಳೀತದೆ ಅಂತ ಮಾಡಿದ್ದೆ. ಒಡಹುಟ್ಟಿದವನ ಮೇಲೆ ಬಂದ್ರೆ ಅದು ಇಳೂದಿಲ್ಲ. ನೀನೂ ಬೇಕು ಅಂತ ಮಾಡ್ಲಿಲ್ಲ, ಗಡಿಬಿಡೀಲಿ ನೋಡ್ಲಿಲ್ಲ, ಅಷ್ಟೇ." ಅವರ ಕೈ ನನ್ನ ಹೆಗಲ ಮೇಲಿತ್ತು. ಅಲ್ಲಿಗೆ ಸುಮ್ಮನಿದ್ದುಬಿಡಬಹುದಿತ್ತು. ಅವರು ಕ್ಷಮಿಸಿಯಾಗಿತ್ತು. ಆದರೆ ಅವರಿಗೆ ಗೊತ್ತಿದ್ದದ್ದು ಎರಡು ಸಲ ಮಾತ್ರ.

ಮೂರನೆಯದು ಇದು. ಅಪ್ಪ ಹೋದ ದಿನ ಸಂಜೆ ನಾವು ಸ್ಮಶಾನದಲ್ಲಿದ್ದಾಗ ಸಂಘದವರು ಗಾಡಿಯನ್ನು ಎಳೆಸಿ ನನ್ನ ಅಂಗಡಿಯ ಮುಂದೆ ನಿಲ್ಲಿಸಿ ಚಾವಿಯನ್ನು ಮನೆಯಲ್ಲಿ ಕೊಟ್ಟು ಹೋಗಿದ್ದರು. ಮರುದಿನ ಬೆಳಿಗ್ಗೆ, ಸೂತಕದಲ್ಲೇ, ತೋಟದ ಕಡೆ ಹೋಗಿಬರುತ್ತೇನೆ ಎಂದು ಅವ್ವಿಗೆ ಹೇಳಿ ಅಂಗಡಿಗೆ ಹೋದೆ. ಸ್ಕ್ಯಾನರ್ ಹಾಕಿದೆ. ಅವೇ ಏಳು ಕೋಡುಗಳು, ನಾನು ಎರಡು ಸಲ ನೋಡಿ ಬಿಟ್ಟವೇ. ಅಕ್ಕಾ, ಆಗ ನನಗೆ ಹೆದರಿಕೆ ಬಿಟ್ಟರೆ ಬೇರೇನೂ ಇರಲಿಲ್ಲ. ಇದನ್ನು ಯಾರಾದರೂ ಓದಿದರೆ ಮೊದಲು ಗಾಡಿ ನೋಡಿದ್ದು ಯಾರು ಎಂದು ಕೇಳುತ್ತಾರೆ ಎನಿಸಿತು. ಅಳಿಸಬೇಕೇ ಎಂದು ಯಂತ್ರ ಕೇಳಿತು, ಅದು ಯಾವಾಗಲೂ ಒಂದು ಸಲ ಕೇಳುತ್ತದೆ. ನಾನು ಹೌದು ಒತ್ತಿದೆ. ಬಾಗಿಲು ಹಾಕಿ ಮನೆಗೆ ಬಂದು, ಅಳುತ್ತಿದ್ದ ನಿನ್ನ ಪಕ್ಕದಲ್ಲಿ ಕೂತೆ. ಅದರ ಮುಂದಿನ ವಾರ ಗಾಡಿಯನ್ನು ಹುಬ್ಬಳ್ಳಿಯ ಒಂದು ವರ್ಕ್‌ಶಾಪಿಗೆ ಒಯ್ದರು. ಒಂದೂ ಕೋಡ್ ಇಲ್ಲ, ಗಾಡಿಯಲ್ಲಿ ದೋಷವಿಲ್ಲ ಎಂದು ಅವರು ಬರೆದುಕೊಟ್ಟರು. ಕೋಡ್ ಅಳಿಸಿದವನು ಇಲ್ಲಿದ್ದಾಗ ಅವರಿಗೆ ಏನು ಸಿಗಬೇಕು? ಆ ಕಾಗದ ಹಿಡಿದುಕೊಂಡೇ ಊರಿನವರು, ಭಾವ ಗಾಬರಿಯಲ್ಲಿ ಗಾಡಿ ಕೆಡಿಸಿದ ಎಂದರು, ಡೀಸೆಲ್ ಹಾಕಿರಲಿಲ್ಲ ಎಂದರು, ಕುಡಿದಿದ್ದ ಎಂದೂ ಒಬ್ಬರು ಹೇಳಿದರು. ನೀನು ಅಂಗಳದಲ್ಲಿ ಎಲ್ಲರೆದುರು ಕೇಳಿದೆ, "ಗಾಡಿ ಸಮ ಇತ್ತು ಅಂದ್ರೆ ನನ್ನಪ್ಪನ್ನ ಕೊಂದವ್ರು ಯಾರು?" ಭಾವ ತಲೆ ತಗ್ಗಿಸಿ ನಿಂತಿದ್ದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ, ನಿನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ.

ಇದನ್ನು ಹೇಳಿದಾಗ ಭಾವನ ಕೈ ನನ್ನ ಹೆಗಲಿನಿಂದ ಜಾರಿತು. ಬೈಯಲಿಲ್ಲ. ಹೋಗಿಬರುವ ಲಾರಿಗಳನ್ನು ನೋಡಿದರು. ಆಮೇಲೆ, "ಎರಡು ಸಲದ್ದು ಮರೆವು. ಮೂರನೇದು ಮರೆವು ಅಲ್ಲ ನಿತೇಶಾ" ಎಂದರು. ಹೆಸರು ಹಿಡಿದು ಕರೆದದ್ದು ಅದೇ ಮೊದಲು, ಯಾವಾಗಲೂ ತಮಾ ಎನ್ನುತ್ತಿದ್ದರು. ಎದ್ದು ಚಪ್ಪಲಿ ಮೆಟ್ಟಿ ಕಾರವಾರದ ಕಡೆ ನಡೆಯತೊಡಗಿದರು. ಹೊನ್ನಣ್ಣ ಹಿಂದೆ ಓಡಿ ಕರೆದ, ಅವರು ತಿರುಗಲಿಲ್ಲ. ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ. ಗಾಡಿಯನ್ನು ಸುನಿಲ ಓಡಿಸಿಕೊಂಡು ಬಂದ.

ಅದೇ ದಿನ ಅವ್ವಿಗೆ ಹೇಳಿದೆ. ಶೇಂಗಾ ಸುಲಿಯುತ್ತ ಕೂತಿದ್ದಳು, ಸುಲಿಯುತ್ತಲೇ ಕೇಳಿದಳು, ಮೊರ ಖಾಲಿಯಾದ ಮೇಲೂ ಕೈ ಮೊರದಲ್ಲೇ ಆಡುತ್ತಿತ್ತು. ಎರಡು ದಿನ ಊಟ ಬಡಿಸಿದಳು, ಮಾತಾಡಲಿಲ್ಲ. ಮೂರನೆಯ ದಿನ ನಿನಗೆ ಕಾಗದ ಬರೆ ಎಂದಳು. ಬರೆಯಲು ಇಷ್ಟು ವಾರ ಬೇಕಾಯಿತು, ಅದಕ್ಕೂ ಬೈ. ಮೊನ್ನೆ ಭಾನುವಾರ ಸಂಘದ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ, ಸವೆದ ತಂತಿಯ ತುಂಡನ್ನು ಮೇಜಿನ ಮೇಲಿಟ್ಟೆ. ಕೆಲವರು ಎದ್ದು ಹೋದರು. ದೇವಿದಾಸನಿಂದ ತಪ್ಪಾಗಿಲ್ಲ, ನಮ್ಮಿಂದ ಅವನಿಗೆ ಅನ್ಯಾಯವಾಯಿತು ಎಂದು ಕಾಗದದ ಮೇಲೆ ಬರೆದು ಸಹಿ ಮಾಡಿ, ಮತ್ತೆ ಗಾಡಿಗೆ ಬಾ ಎಂದು ಕೇಳಿ ಕಳಿಸಿದ್ದಾರೆ. ಬೈತಖೋಲಕ್ಕೆ ಒಯ್ದ ಹೊನ್ನಣ್ಣ ಹೇಳಿದ್ದು, ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡು ಮತ್ತೆ ಬುಟ್ಟಿಗೆ ಕೈ ಹಾಕಿದರಂತೆ. ನನ್ನ ಅಂಗಡಿಗೆ ಈಗ ಗಾಡಿ ಕಡಿಮೆ ಬರುತ್ತಿವೆ. ಅದು ಸರಿಯೇ.

ಮೇ ತಿಂಗಳಲ್ಲಿ ಭಾವ ಮಡಗಾಂವಕ್ಕೆ ಬಂದಾಗ ನೀನು ಬಾಗಿಲು ತೆಗೆಯಲಿಲ್ಲವೆಂದು ಕೇಳಿದ್ದೆ. ನಿನ್ನ ತಪ್ಪು ಎಂದು ಹೇಳುತ್ತಿಲ್ಲ. ಆ ಬಾಗಿಲು ಹಾಕಿಸಿದವನು ನಾನು. ಅಪ್ಪನ ವರ್ಷದ ತಿಥಿ ಬರುತ್ತಿದೆ, ಪಿಂಡ ಇಡಬೇಕಾದವನು ನಾನು, ನನ್ನ ಕೈಯಿಂದ ಬೇಡ ಎಂದು ನೀನು ಹೇಳಿದರೆ ಅದಕ್ಕೂ ಒಪ್ಪುತ್ತೇನೆ. ಇನ್ನು ಮೇಲೆ ಭಾನುವಾರ ಫೋನ್ ಮಾಡುವಾಗ ನನ್ನ ನಂಬರಿಗೆ ಮಾಡಬೇಕೆಂದಿಲ್ಲ. ಅವ್ವಿಗೆ ಬೇರೆ ಫೋನ್ ತಂದುಕೊಟ್ಟಿದ್ದೇನೆ, ಹಸಿರು ಗುಂಡಿ ಒತ್ತಿ ಎತ್ತಲು ಕಲಿತಿದ್ದಾಳೆ, ನಂಬರನ್ನು ಲಕೋಟೆಯ ಹಿಂದೆ ಬರೆದಿದ್ದೇನೆ. ಈ ಕಾಗದವನ್ನು ಅಂಚೆಗೆ ಹಾಕದೆ ನಾಳೆ ಮಡಗಾಂವಕ್ಕೆ ಬರುವ ಹೊನ್ನಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ, ಜೊತೆಗೆ ಅವ್ವಿ ಸುಲಿದ ಶೇಂಗಾ, ನಿನ್ನ ಸೊಂಟಕ್ಕೆ ತೈಲ. ಸ್ವಾತಿಗೆ ಅವಳ ಅಜ್ಜಿಯ ಮುತ್ತು. ನಿನಗೆ ನನ್ನ ನಮಸ್ಕಾರ. ಕ್ಷಮಿಸು ಎಂದು ಬರೆಯಲು ಹೋಗಿ ಎರಡು ಸಲ ಹೊಡೆದುಹಾಕಿದೆ, ಆ ಮಾತನ್ನು ಎದುರಿಗೆ ನಿಂತು ಹೇಳಬೇಕಾದವನು ನಾನು.

ನಿನ್ನ ತಮ್ಮ,
ನಿತೇಶ

ಮರೆತದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಅವ್ವಿ ಬಂದು ಹೇಳಿದಳು, ಅವಸರದಲ್ಲಿ ಬರೆಯುತ್ತಿದ್ದೇನೆ. ನಾನು ಅಂಗಡಿಯಲ್ಲಿದ್ದಾಗ ಇವತ್ತು ಬೆಳಿಗ್ಗೆ ಭಾವ ಮನೆಗೆ ಬಂದಿದ್ದರಂತೆ, ಅವ್ವಿಯ ಕಾಲು ಮುಟ್ಟಲು. ರತ್ನಾಗಿರಿಯಲ್ಲಿ ದೋಣಿ ಕಟ್ಟುವಲ್ಲಿ ಕೆಲಸ ಸಿಕ್ಕಿದೆಯಂತೆ, ಬುಧವಾರದ ರೈಲಿಗೆ ಹೋಗುತ್ತಾರೆ, ಸದ್ಯ ಈ ಕಡೆ ಬರುವುದಿಲ್ಲವಂತೆ. ನಿನಗೆ ಹೇಳಿ ಎಂದು ಅವರು ಅವ್ವಿಗೆ ಹೇಳಲಿಲ್ಲ. ಹೊರಡುವಾಗ ಒಂದೇ ಕೇಳಿದರಂತೆ, ಸ್ವಾತಿಯ ಶಾಲೆ ಮಧ್ಯಾಹ್ನ ಎಷ್ಟು ಗಂಟೆಗೆ ಬಿಡುತ್ತದೆ ಎಂದು. ಅವ್ವಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ. ಆ ರೈಲು ಒಂದೂವರೆಗೆ ಮಡಗಾಂವಕ್ಕೆ ಬಂದು ಹತ್ತು ನಿಮಿಷ ನಿಲ್ಲುತ್ತದೆ, ಭಾವ ಕೂರುವ ಸಾಮಾನ್ಯ ಡಬ್ಬಿಗಳು ತೀರ ಹಿಂದೆ ಇರುತ್ತವೆ.